ಒಂದು ಸೋಲಿನ ಋತು: 1911 ಮತ್ತು ಬಾಳೂ ಪಾಲವಣಕರ

ಧಾರವಾಡದಿಂದ ಪುಣೆಗೆ ಹೋಗುವ ದಾರಿ ಆಧುನಿಕ ಕನ್ನಡ ಸಾಹಿತ್ಯದ ಚರಿತ್ರೆಯನ್ನು ಬಲ್ಲವರಿಗೆ ಪರಿಚಿತವಾದುದೇ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದದ್ದು 1917ರಲ್ಲಿ. ಅದಕ್ಕೆ ಮುಂಚೆ ಮುಂಬಯಿ ಕರ್ನಾಟಕದ ತರುಣರು ಉನ್ನತ ವಿದ್ಯೆಗಾಗಿ ಪುಣೆ, ಮುಂಬಯಿಗಳತ್ತ ಮುಖ ಮಾಡಬೇಕಾಗಿತ್ತು. ಆಲೂರು ವೆಂಕಟರಾಯರು ಓದಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ಬೇಂದ್ರೆಯವರು 1918ರಲ್ಲಿ ಬಿ.ಎ. ಪದವಿ ಪಡೆದದ್ದೂ ಅಲ್ಲಿಂದಲೇ. ಪುಣೆಯ ಪೇಟೆಗಳಲ್ಲಿ ಕೋಣೆ ಹಿಡಿದು, ಮರಾಠಿ ವ್ಯಾಖ್ಯಾನಮಾಲೆಗಳನ್ನು ಕೇಳಿ, ಕೇಸರಿ ಪತ್ರಿಕೆಯನ್ನು ಓದಿ, ಹಿಂದಿರುಗಿ ಬಂದು ಕನ್ನಡ ಕಟ್ಟಿದವರ ಕಥೆಯನ್ನು ನಮ್ಮ ಸಾಹಿತ್ಯ ಚರಿತ್ರೆಗಳು ಅಭಿಮಾನದಿಂದ ದಾಖಲಿಸಿವೆ.

ಇವರೆಲ್ಲರಿಗಿಂತ ಮುಂಚೆ ಅದೇ ದಾರಿಯಲ್ಲಿ ಹೋದ ಇನ್ನೊಬ್ಬ ಬಾಲಕನಿದ್ದ. 1875-76ರ ಸುಮಾರಿಗೆ ಧಾರವಾಡದಲ್ಲಿ ಹುಟ್ಟಿದ ಅವನು ಸೇರಿದ್ದು ಪುಣೆಯ ಕಾಲೇಜನ್ನಲ್ಲ, ಕ್ಯಾಂಪನ್ನು. ಅವನ ಕೈಗೆ ಸಿಕ್ಕಿದ್ದು ಪುಸ್ತಕವಲ್ಲ, ಮೈದಾನ ಗುಡಿಸುವ ಪೊರಕೆ. ಬಾಳೂ ಪಾಲವಣಕರ ಎಂಬ ಈ ಹೆಸರು ಕನ್ನಡದ ಯಾವ ಚರಿತ್ರೆಗೂ ಸೇರಿದ್ದಲ್ಲ. ಅವರ ಮನೆತನದ ಹೆಸರು ಬಂದದ್ದು ರತ್ನಾಗಿರಿ ಜಿಲ್ಲೆಯ ಪಾಲವಣ ಎಂಬ ಊರಿನಿಂದ. ಕುಲದಿಂದ ಚಾಂಭಾರರು, ಎಂದರೆ ಚರ್ಮದ ಕಾಯಕದವರು. ಅಂದಿನ ಸಮಾಜದ ಕಣ್ಣಿನಲ್ಲಿ ಅಸ್ಪೃಶ್ಯರು. ಸೈನ್ಯದ ಚಾಕರಿಯನ್ನು ನಂಬಿದ ಕುಟುಂಬ ಅದು. ದಂಡು ಹೋದಲ್ಲಿ ಹೋಯಿತು, ನಿಂತಲ್ಲಿ ನಿಂತಿತು. ಧಾರವಾಡದಲ್ಲಿ ಹುಟ್ಟಿದರೆಂಬ ಒಂದೇ ಕಾರಣಕ್ಕೆ ಅವರನ್ನು ಕನ್ನಡಿಗರೆಂದು ಸಾರಿಬಿಡುವ ಆತುರ ಬೇಡ. ಹುಟ್ಟಿದ ಊರಿನಲ್ಲಿ ಬೇರೂರುವ ಸೌಭಾಗ್ಯ ಎಲ್ಲರಿಗೂ ಇರುವುದಿಲ್ಲ.

ಪುಣೆ ಎಂಬುದು ಆಗ ಒಂದು ಊರಲ್ಲ, ಎರಡು ಊರು. 1817ರ ಖಡಕಿ ಯುದ್ಧದ ತರುವಾಯ ಪೇಶ್ವೆಯರ ಆಳ್ವಿಕೆ ಕೊನೆಗೊಂಡು, ಹಳೆಯ ನಗರದ ಪೂರ್ವಕ್ಕೆ ಇಂಗ್ಲಿಷರ ದಂಡಿನ ಪಾಳೆಯ ಬೆಳೆಯಿತು. ಒಂದು ಕಡೆ ಶನಿವಾರ ಪೇಟೆ, ಸದಾಶಿವ ಪೇಟೆಗಳ ವಾಡೆಗಳು, ಮಡಿ, ಪಂಚಾಂಗ. ಇನ್ನೊಂದು ಕಡೆ ಇಗರ್ಜಿಗಳು, ಬಂಗಲೆಗಳು, ಪಾರಸಿಯರ ಅಂಗಡಿಗಳು, ಡೇವಿಡ್ ಸಸೂನರು ಕಟ್ಟಿಸಿದ ಯಹೂದ್ಯರ ಕೆಂಪು ದೇಗುಲ, ದಂಡಿನ ಅಧಿಕಾರಿಗಳ ಕ್ಲಬ್ಬು ಮತ್ತು ಅದರ ಹಸಿರು ಮೈದಾನ. ಪೇಟೆಯ ಬಾಗಿಲುಗಳು ಚಾಂಭಾರರ ಹುಡುಗನಿಗೆ ತೆರೆಯುವಂತಿರಲಿಲ್ಲ. ಕ್ಯಾಂಪಿನ ಬಾಗಿಲೂ ಮುಂದಿನಿಂದ ತೆರೆಯಲಿಲ್ಲ. ಆದರೆ ಹಿತ್ತಿಲ ಬಾಗಿಲೊಂದು ಅಲ್ಲಿತ್ತು. ಅಧಿಕಾರಿಗಳು ಎಸೆದ ಹಳೆಯ ಚೆಂಡು, ಮುರಿದ ದಾಂಡುಗಳಿಂದ ಬಾಳೂ ಮತ್ತು ಅವರ ತಮ್ಮ ಶಿವರಾಮ ಆಟ ಕಲಿತರು. ಶಾಲೆಯ ಓದು ಬೇಗನೆ ನಿಂತಿತು. ಮೊದಲ ಸಂಬಳ ಪಾರಸಿಯರ ಕ್ರಿಕೆಟ್ ಸಂಘದಲ್ಲಿ, ಪಿಚ್ ಗುಡಿಸಿ ರೋಲರ್ ಎಳೆದದ್ದಕ್ಕೆ, ತಿಂಗಳಿಗೆ 3 ರೂಪಾಯಿ. 1892ರ ಸುಮಾರಿಗೆ ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಸೇರಿದಾಗ ಅದು 4 ರೂಪಾಯಿಯಾಯಿತು. ಅಲ್ಲಿ ಪಿಚ್ ಸಿದ್ಧಪಡಿಸುವುದು, ಬಲೆ ಕಟ್ಟುವುದು, ಟೆನಿಸ್ ಅಂಕಣಕ್ಕೆ ಗೆರೆ ಎಳೆಯುವುದು, ಬಿಡುವಾದಾಗ ಸಾಹೇಬರ ಅಭ್ಯಾಸಕ್ಕೆ ಚೆಂಡು ಎಸೆಯುವುದು.

ಈ ಕೊನೆಯ ಕೆಲಸವೇ ಅವರನ್ನು ಬಾಳೂ ಮಾಡಿತು. ಅಂದಿನ ಪುಣೆಯ ಶ್ರೇಷ್ಠ ಆಂಗ್ಲ ದಾಂಡಿಗನಾದ ಕ್ಯಾಪ್ಟನ್ ಜೆ.ಜಿ. ಗ್ರೇಗ್ ಎಲ್ಲರಿಗಿಂತ ಮುಂಚೆ ಮೈದಾನಕ್ಕೆ ಬಂದು ಬಾಳೂ ಅವರಿಂದ ಚೆಂಡು ಎಸೆಸಿಕೊಳ್ಳುತ್ತಿದ್ದನೆಂದೂ, ತನ್ನನ್ನು ಔಟ್ ಮಾಡಿದ ಪ್ರತಿಯೊಂದು ಸಲಕ್ಕೂ ಎಂಟಾಣೆ ಕೊಡುತ್ತಿದ್ದನೆಂದೂ ಒಂದು ಕಥೆ ಪ್ರಚಲಿತದಲ್ಲಿದೆ. ಕಥೆ ನಿಜವಿರಲಿ ಬಿಡಲಿ, ಎಡಗೈಯ ನಿಧಾನ ಎಸೆತದಲ್ಲಿ ಚೆಂಡನ್ನು ತಿರುಗಿಸುವ, ತಡೆದು ಇಳಿಸುವ, ದಾಂಡಿಗನ ಲೆಕ್ಕ ತಪ್ಪಿಸುವ ವಿದ್ಯೆ ಆ ಮುಂಜಾವುಗಳಲ್ಲಿ ಪಕ್ವವಾಯಿತೆಂಬುದರಲ್ಲಿ ಸಂಶಯವಿಲ್ಲ. ಇಲ್ಲಿ ಗಮನಿಸಬೇಕಾದ ಸಂಗತಿ ಬೇರೆಯೇ ಇದೆ. ಅಷ್ಟು ವರ್ಷ ಚೆಂಡೆಸೆದ ಈ ಕೆಲಸಗಾರನ ಕೈಗೆ ಒಮ್ಮೆಯಾದರೂ ದಾಂಡು ಕೊಡಬೇಕೆಂದು ಕ್ಲಬ್ಬಿನ ಸದಸ್ಯರಿಗೆ ತೋರಲಿಲ್ಲ. ಆಟದೊಳಗೇ ಒಂದು ವರ್ಣಾಶ್ರಮವಿತ್ತು: ಹೊಡೆಯುವುದು ಒಡೆಯನ ಕೆಲಸ, ಬೆವರು ಸುರಿಸಿ ಎಸೆಯುವುದು ಆಳಿನ ಕೆಲಸ.

ಪೇಟೆಯ ಹಿಂದೂಗಳಿಗೂ ಒಂದು ತಂಡವಿತ್ತು, ಕ್ಯಾಂಪಿನ ಸಾಹೇಬರನ್ನು ಸೋಲಿಸುವ ಹಂಬಲವೂ ಇತ್ತು. ಸಾಹೇಬರನ್ನು ದಿನನಿತ್ಯ ಔಟ್ ಮಾಡುತ್ತಿದ್ದವನು ಕಣ್ಣೆದುರೇ ಇದ್ದಾಗ ಅವನನ್ನು ಸೇರಿಸಿಕೊಳ್ಳುವುದೋ ಬಿಡುವುದೋ ಎಂಬ ಜಿಜ್ಞಾಸೆ ಹುಟ್ಟಿತು. ತೆಲುಗು ಸದಸ್ಯರು ಪರವಾಗಿದ್ದರು, ಮರಾಠಿ ಬ್ರಾಹ್ಮಣ ಸದಸ್ಯರು ವಿರೋಧಿಸಿದರು. ಕೊನೆಗೆ ಗೆಲ್ಲುವ ಆಸೆಯೇ ಗೆದ್ದಿತು. ಬಾಳೂ ತಂಡಕ್ಕೆ ಬಂದರು. ಆದರೆ ಚಹಾದ ವಿರಾಮದಲ್ಲಿ ಜೊತೆಗಾರರು ಪೆವಿಲಿಯನ್ನಿನೊಳಗೆ ಪಿಂಗಾಣಿ ಬಟ್ಟಲಿನಲ್ಲಿ ಕುಡಿದರೆ, ಬಾಳೂ ಹೊರಗೆ ನಿಂತು ಒಮ್ಮೆ ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ ಕುಡಿಯಬೇಕು. ಊಟ ಬೇರೆ ಜಾಗದಲ್ಲಿ, ಬೇರೆ ತಟ್ಟೆಯಲ್ಲಿ. ಕ್ರಿಕೆಟ್ ಚೆಂಡು ಚರ್ಮದ್ದು. ಅದನ್ನು ಅವರು ಎಸೆಯುತ್ತಿದ್ದರು. ಅದನ್ನೇ ಬ್ರಾಹ್ಮಣ ಸಹ ಆಟಗಾರ ಹಿಡಿಯುತ್ತಿದ್ದ, ಧೋತರಕ್ಕೆ ಉಜ್ಜುತ್ತಿದ್ದ, ಹಿಂತಿರುಗಿಸುತ್ತಿದ್ದ. ಒಂದು ಮಧ್ಯಾಹ್ನದಲ್ಲಿ ನೂರಾರು ಸಲ ಕೈಯಿಂದ ಕೈಗೆ ಹೋಗುವ ಚರ್ಮಕ್ಕೆ ಇಲ್ಲದ ಮೈಲಿಗೆ ಚಹಾದ ಬಟ್ಟಲಿಗೆ ಎಲ್ಲಿಂದ ಬಂತು? ಧರ್ಮಶಾಸ್ತ್ರದ ಯಾವ ಗ್ರಂಥದಲ್ಲಿಯೂ ಇದಕ್ಕೆ ಉತ್ತರ ದೊರೆಯಲಾರದು. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು, ಜೊತೆಯಲ್ಲಿ ಆಡುವವರು ಜೊತೆಯಲ್ಲಿ ಉಣ್ಣಲೂ ಬೇಕು ಎಂಬರ್ಥದ ಮಾತನ್ನು ಸಭೆಯಲ್ಲಿ ಆಡಿದರೆಂದು ಹೇಳುತ್ತಾರೆ.

ಪಂಪನನ್ನು ಓದಿದವರಿಗೆ ಈ ಸಂದರ್ಭದಲ್ಲಿ ಕರ್ಣನ ನೆನಪಾಗುವುದು ಸಹಜ. ಅಸ್ತ್ರವಿದ್ಯೆಯ ಪ್ರದರ್ಶನದ ರಂಗಕ್ಕೆ ಕರ್ಣ ಬಂದಾಗ ಅವನ ಬಿಲ್ಲನ್ನು ನೋಡುವ ಮೊದಲು ಕುಲವನ್ನು ವಿಚಾರಿಸಿದ ಪ್ರಸಂಗ ಅದು. ಹೋಲಿಕೆಗೆ ಮಿತಿಯಿದೆ. ಕರ್ಣನಿಗೆ ಅಂಗರಾಜ್ಯದ ಪಟ್ಟವಾದರೂ ಸಿಕ್ಕಿತು, ಮಹಾಯುದ್ಧದಲ್ಲಿ ಸೇನಾಪತಿಯ ಪದವಿಯೂ ಬಂತು. ಬಾಳೂ ಅವರಿಗೆ ಹನ್ನೊಂದು ಜನರ ತಂಡದ ನಾಯಕತ್ವವೂ ವಿಧ್ಯುಕ್ತವಾಗಿ ದೊರೆಯಲಿಲ್ಲ. ಆ ಮಾತು ಮುಂದೆ ಬರುತ್ತದೆ.

1896ರಲ್ಲಿ ಪ್ಲೇಗ್ ಬಂತು. ಪುಣೆಯ ಬದುಕು ಅಸ್ತವ್ಯಸ್ತವಾದ ಆ ದಿನಗಳಲ್ಲಿ ಬಾಳೂ ಮುಂಬಯಿಗೆ ಹೋದರು. ಮೊದಲು ಸೈನ್ಯದಲ್ಲಿ, ಅನಂತರ ರೈಲ್ವೆಯಲ್ಲಿ ನೌಕರಿ. ಆಟ ಹಿಂದೂ ಜಿಮಖಾನಾದ ಪರವಾಗಿ. 1906ರ ಫೆಬ್ರುವರಿಯಲ್ಲಿ ಹಿಂದೂ ತಂಡ ಮುಂಬಯಿಯಲ್ಲಿ ಯುರೋಪಿಯನ್ನರನ್ನು 109 ಓಟಗಳಿಂದ ಸೋಲಿಸಿತು. ಆ ಗೆಲುವಿನಲ್ಲಿ ಬಾಳೂ ಅವರ ಪಾಲು ಎಂಟು ವಿಕೆಟ್. ಮುಂಬಯಿಯ ಜಿಮಖಾನಾದಲ್ಲಿ ಅವರು ಇತರರ ಜೊತೆ ಕುಳಿತು ಉಣ್ಣುವಂತಾಗಿತ್ತು. ಪುಣೆಯ ಕುಡಿಕೆಯಿಂದ ಮುಂಬಯಿಯ ಪಂಕ್ತಿಯವರೆಗೆ ನಡೆದ ಈ ಪಯಣವನ್ನು ಅಂದಿನ ‘ಇಂಡಿಯನ್ ಸೋಷಿಯಲ್ ರಿಫಾರ್ಮರ್’ ಪತ್ರಿಕೆ ಗೆಲುವಿಗಿಂತ ದೊಡ್ಡ ಸಂಗತಿಯೆಂದು ಗುರುತಿಸಿತು. ಸುಧಾರಕರ ಪತ್ರಿಕೆಯೊಂದಕ್ಕೆ ಕ್ರಿಕೆಟ್ ಪಂದ್ಯ ಸಂಪಾದಕೀಯ ವಸ್ತುವಾದದ್ದೇ ಒಂದು ವಿಶೇಷ.

ಇನ್ನು 1911ರ ಮಾತು. ಭಾರತದ ಹೆಸರಿನಲ್ಲಿ ಒಂದು ತಂಡ ಇಂಗ್ಲೆಂಡಿಗೆ ಹೋದದ್ದು ಅದೇ ಮೊದಲು. 1886 ಮತ್ತು 1888ರಲ್ಲಿ ಪಾರಸಿಯರ ತಂಡಗಳು ಹೋಗಿ ಬಂದಿದ್ದವು. 1886ರ ತಂಡ ಆಡಿದ 28 ಪಂದ್ಯಗಳಲ್ಲಿ ಗೆದ್ದದ್ದು ಒಂದೇ ಒಂದು. ಆದರೆ ಅವು ಒಂದು ಸಮುದಾಯದ ತಂಡಗಳು. ಎಲ್ಲ ಸಮುದಾಯಗಳನ್ನು ಸೇರಿಸಿ ತಂಡ ಕಟ್ಟುವ ಪ್ರಯತ್ನ 1903ರಲ್ಲಿ ನಡೆದು, ಯಾರಿಗೆ ಎಷ್ಟು ಸ್ಥಾನ ಎಂಬ ಚೌಕಾಸಿಯಲ್ಲಿ ಮುರಿದುಬಿದ್ದಿತ್ತು. ಈಗ ಪಾರಸಿಯರು, ಹಿಂದೂಗಳು, ಮುಸಲ್ಮಾನರು ಎಂದು ಅಳೆದು ತೂಗಿ ಆಯ್ಕೆ ನಡೆಯಿತು. ಮುಸಲ್ಮಾನ ಆಟಗಾರರು ಅಲಿಗಢದ ಕಾಲೇಜಿನ ಹಿನ್ನೆಲೆಯವರು. ಹಿಂದೂಗಳ ಪೈಕಿ ಬಾಳೂ, ಶಿವರಾಮ ಸಹೋದರರು, ಮುಂಬಯಿಯ ಎಂ.ಡಿ. ಪೈ, ಮದರಾಸಿನ ವಿಕೆಟ್ ಕೀಪರ್ ಶೇಷಾಚಾರಿ ಇದ್ದರು. ಅವರ ಜೊತೆಗೆ ಬೆಂಗಳೂರಿನ ಬಿ. ಜಯರಾಂ ಇದ್ದರು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ವಿದ್ವಾಂಸರೊಬ್ಬರು ಮತ್ತು ಧಾರವಾಡದಲ್ಲಿ ಹುಟ್ಟಿದ ಮೈದಾನದ ಕೆಲಸಗಾರರೊಬ್ಬರು ಒಂದೇ ತಂಡದ ಪೋಷಾಕಿನಲ್ಲಿ ಸಮುದ್ರ ದಾಟಿದರು. ನಾಯಕ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್. ವಯಸ್ಸು 19.

ಸೋಲು ಜೂನ್ ಮೊದಲ ವಾರದಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಹುಡುಗರಿಂದಲೇ ಶುರುವಾಯಿತು. ಅಲ್ಲಿಂದ ಮುಂದೆ ಜುಲೈ ನಡುವಿನವರೆಗೂ ಅದೇ ರಾಗ. ಚಳಿ, ಮಳೆ, ಒದ್ದೆ ನೆಲ ಎಂದು ನೆವ ಹೇಳುವಂತೆಯೂ ಇರಲಿಲ್ಲ. ಆ ವರ್ಷದ ಬೇಸಿಗೆ ಇಂಗ್ಲೆಂಡ್ ಕಂಡ ಅತಿ ಬಿಸಿಲಿನ ಬೇಸಿಗೆಗಳಲ್ಲಿ ಒಂದು. ಕಾರಣಗಳು ಬೇರೆ. ಜೂನ್ 22ರಂದು ಐದನೆಯ ಜಾರ್ಜ್ ದೊರೆಯ ಪಟ್ಟಾಭಿಷೇಕ. ನಾಯಕರಾದ ಮಹಾರಾಜರು ಕೆಲವೇ ಪಂದ್ಯಗಳನ್ನಾಡಿ ಔತಣಕೂಟಗಳ ಕಡೆಗೆ ಹೊರಟುಹೋದರು. ಹೋಗುವಾಗ ಒಬ್ಬರೇ ಹೋಗಲಿಲ್ಲ. ತಂಡದ ಅತ್ಯುತ್ತಮ ದಾಂಡಿಗ ಕೇಕಿ ಮಿಸ್ತ್ರಿ ಅವರ ಖಾಸಗಿ ಕಾರ್ಯದರ್ಶಿಯಾಗಿದ್ದುದರಿಂದ ಅವರೂ ಹೆಚ್ಚಿನ ಪಂದ್ಯಗಳಿಗೆ ಇಲ್ಲವಾದರು. ನೊಗ ಬಿದ್ದದ್ದು ಡಾ. ಎಚ್.ಡಿ. ಕಾಂಗಾ ಅವರ ಹೆಗಲಿಗೆ. ಒಂದರ ಬೆನ್ನಿಗೊಂದು ಮೂರು ದಿನಗಳ ಪಂದ್ಯ, ನಡುವೆ ರೈಲಿನ ಪ್ರಯಾಣ, ಗಾಯಾಳುಗಳು, ಬದಲಿಗೆ ಜನವಿಲ್ಲ. ಸಮುದಾಯದ ತಕ್ಕಡಿಯಲ್ಲಿ ತೂಗಿ ಕಟ್ಟಿದ ತಂಡ ಆಟದ ತಕ್ಕಡಿಯಲ್ಲಿ ಹಗುರಾಯಿತು.

ಇಂತಹ ತಂಡದಲ್ಲಿ ಒಬ್ಬ ಎಸೆತಗಾರನ ಪಾಡೇನು? ಎದುರಾಳಿಗಳು ದಿನವಿಡೀ ದಾಂಡು ಬೀಸುತ್ತಾರೆ; ಅವನು ದಿನವಿಡೀ ಎಸೆಯುತ್ತಾನೆ. ತನ್ನವರು ಬೇಗ ಔಟಾಗುವುದರಿಂದ ವಿಶ್ರಾಂತಿ ಕಡಮೆ, ಮತ್ತೆ ಎಸೆತ. ಬಾಳೂ ಅವರಿಗೆ ಆಗ ಸುಮಾರು 35 ವರ್ಷ. ತೋಳಿನ ನೋವು ಪ್ರವಾಸದುದ್ದಕ್ಕೂ ಕಾಡಿತು. ಆದರೂ ಆಕ್ಸ್‌ಫರ್ಡ್ ವಿರುದ್ಧ ಐದು ವಿಕೆಟ್, ಕೇಂಬ್ರಿಜ್ ವಿರುದ್ಧ 103 ಓಟಗಳಿಗೆ ಎಂಟು ವಿಕೆಟ್. ಶಾಲೆಯ ಮೆಟ್ಟಿಲಿನಿಂದಲೇ ಹಿಂದಿರುಗಿದ್ದ ಈ ಮನುಷ್ಯ ಕೇಂಬ್ರಿಜ್ ವಿಶ್ವವಿದ್ಯಾಲಯದ ಮೈದಾನದಲ್ಲಿ ನಿಂತು ಅಲ್ಲಿನ ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಹಿಂದಕ್ಕೆ ಕಳಿಸಿದ ಮಧ್ಯಾಹ್ನ, ಅಂಕಪಟ್ಟಿ ಏನೇ ಹೇಳಲಿ, ಕಲ್ಪನೆಗೆ ನಿಲುಕಿಸಿಕೊಳ್ಳಲು ಯೋಗ್ಯವಾದುದು. ಪಂದ್ಯವನ್ನಂತೂ ತಂಡ ಗೆಲ್ಲಲಿಲ್ಲ.

ಜುಲೈನಲ್ಲಿ ಲೆಸ್ಟರ್‌ಷೈರ್ ವಿರುದ್ಧ ಬರಗಾಲ ಮುಗಿಯಿತು. ಬಾಳೂ ಒಂದು ಸರದಿಯಲ್ಲಿ 92 ಓಟಗಳಿಗೆ ಐದು, ಇನ್ನೊಂದರಲ್ಲಿ 93 ಓಟಗಳಿಗೆ ಆರು, ಒಟ್ಟು 11 ವಿಕೆಟ್ ಪಡೆದರು. ತಂಡ ಏಳು ವಿಕೆಟ್‌ಗಳಿಂದ ಗೆದ್ದಿತು. ಮುಂದಿನ ಜಯ ಸಾಮರ್‌ಸೆಟ್ ವಿರುದ್ಧ, ಅದೂ ಒಂದೇ ಒಂದು ವಿಕೆಟ್ಟಿನ ಅಂತರದಲ್ಲಿ. ಅಲ್ಲಿ ನಾಯಕನಂತೆ ನಿಂತವರು ತಮ್ಮ ಶಿವರಾಮ; ಔಟಾಗದೆ 113. ಪೂನಾ ಕ್ಲಬ್ಬಿನ ಸಾಹೇಬರು ಯಾವ ಕುಟುಂಬದ ಕೈಗೆ ದಾಂಡು ಕೊಡಲು ಮನಸ್ಸು ಮಾಡಿರಲಿಲ್ಲವೋ ಆ ಕುಟುಂಬದ ಕೈಯೇ ದಾಂಡು ಬೀಸಿ ಇಂಗ್ಲೆಂಡಿನ ನೆಲದಲ್ಲಿ ಪಂದ್ಯ ಗೆಲ್ಲಿಸಿತು.

ಅದೇ ಜುಲೈ 29ರಂದು ಕಲ್ಕತ್ತೆಯಲ್ಲಿ ಇನ್ನೊಂದು ಘಟನೆ ನಡೆಯಿತು. ಮೋಹನ್ ಬಗಾನ್ ತಂಡ ಈಸ್ಟ್ ಯಾರ್ಕ್‌ಷೈರ್ ದಂಡಿನ ತಂಡವನ್ನು ಕಾಲ್ಚೆಂಡಿನ ಆಟದಲ್ಲಿ 2-1ರಿಂದ ಸೋಲಿಸಿ ಐ.ಎಫ್.ಎ. ಶೀಲ್ಡ್ ಗೆದ್ದಿತು. ಹನ್ನೊಂದು ಜನರಲ್ಲಿ ಹತ್ತು ಮಂದಿ ಬರಿಗಾಲಿನವರು. ಬಂಗಾಳ ಆ ಬರಿಗಾಲುಗಳನ್ನು ಇಂದಿಗೂ ಪೂಜಿಸುತ್ತದೆ, ಅದು ನ್ಯಾಯವೂ ಹೌದು. ಆದರೆ ಒಂದೇ ತಿಂಗಳಲ್ಲಿ ನಡೆದ ಈ ಎರಡರಲ್ಲಿ ಒಂದು ರಾಷ್ಟ್ರೀಯ ಐತಿಹ್ಯವಾಯಿತು, ಇನ್ನೊಂದು ಅಂಕಿ-ಅಂಶಗಳ ಪುಸ್ತಕದಲ್ಲಿ ಉಳಿಯಿತು. ಗೆದ್ದ ತಂಡದ ಆಟಗಾರ ಗೆಲುವಿನೊಳಗೆ ಕಾಣುತ್ತಾನೆ. ಸೋತ ತಂಡದ ಆಟಗಾರನನ್ನು ಸೋಲಿನೊಳಗಿಂದ ಬಿಡಿಸಿ ನೋಡಬೇಕಾಗುತ್ತದೆ. ರನ್ನ ದುರ್ಯೋಧನನಿಗೆ ಮಾಡಿದ್ದು ಈ ಬಗೆಯ ಕೆಲಸ. ಕ್ರೀಡೆಯ ವರದಿಗಾರರಿಗೆ ಅಷ್ಟು ಪುರಸೊತ್ತು ಇರುವುದಿಲ್ಲ.

ಋತು ಮುಗಿದಾಗ ತಂಡ ಆಡಿದ್ದು 23 ಪಂದ್ಯ: ಗೆದ್ದದ್ದು 6, ಸೋತದ್ದು 15, ಉಳಿದೆರಡು ಅನಿರ್ಣೀತ. ಪ್ರಥಮ ದರ್ಜೆಯವು 14. ಅವುಗಳಲ್ಲಿ ಗೆಲುವು ಎರಡೇ, ಸೋಲು ಹತ್ತು. ಬಾಳೂ ಅವರು ಎಲ್ಲ ಪಂದ್ಯಗಳಲ್ಲಿ ಪಡೆದ ವಿಕೆಟ್ 114. ಪ್ರಥಮ ದರ್ಜೆಯ ಪಂದ್ಯಗಳಲ್ಲಿ 75, ಸರಾಸರಿ 20ಕ್ಕೆ ಸಮೀಪ. ನಾಯಕನಿಲ್ಲದ ತಂಡದಲ್ಲಿ, ನೋವಿನ ತೋಳಿನಲ್ಲಿ ಬಂದ ಅಂಕಿಗಳಿವು. ಮುಂಬಯಿಗೆ ಮರಳಿದಾಗ ದಲಿತ ಸಮುದಾಯದವರು ಸಭೆ ಸೇರಿ ಅವರನ್ನು ಸನ್ಮಾನಿಸಿದರು. ಆ ಸಮುದಾಯದ ತರುಣ ವಿದ್ಯಾರ್ಥಿಗಳಿಗೆ, ಭೀಮರಾವ್ ಅಂಬೇಡ್ಕರರಿಗೂ ಸೇರಿದಂತೆ, ಬಾಳೂ ಆಗ ವೀರಪುರುಷರು. 15 ಸೋಲುಗಳು ಆ ಸಭೆಯ ಲೆಕ್ಕಕ್ಕೆ ಬಂದಂತಿಲ್ಲ.

ನಿಜವಾದ ಸೋಲುಗಳು ಇದ್ದದ್ದು ಬೇರೆಡೆ. ಹಿಂದೂ ತಂಡದಲ್ಲಿ ಬಾಳೂ ಅವರಿಗಿಂತ ಹಿರಿಯ, ಸಮರ್ಥ ಆಟಗಾರನಿರಲಿಲ್ಲ. ಆದರೂ ವರ್ಷ ವರ್ಷ ನಾಯಕತ್ವ ಮೇಲುಜಾತಿಯವರ ಪಾಲಾಯಿತು. 1913ರಲ್ಲಿ ಆ ಸ್ಥಾನ ಪಡೆದ ಎಂ.ಡಿ. ಪೈ ಅವರೇ, ಈ ಗೌರವ ಹಿರಿಯರಾದ ಬಾಳೂ ಅವರಿಗೆ ಸಲ್ಲಬೇಕಿತ್ತೆಂದು ಬಹಿರಂಗವಾಗಿ ಹೇಳಿದರು. 1920ರಲ್ಲಿ ಬಾಳೂ ಅವರನ್ನು ತಂಡದಿಂದಲೇ ಕೈಬಿಟ್ಟು, ಅಸ್ವಸ್ಥರಾಗಿದ್ದ ಪೈ ಅವರ ಬದಲಿಗೆ ಪುಣೆಯ ಡಿ.ಬಿ. ದೇವಧರರನ್ನು ನಾಯಕರನ್ನಾಗಿ ಮಾಡಿದಾಗ, ತಮ್ಮಂದಿರಾದ ಶಿವರಾಮ ಮತ್ತು ವಿಠ್ಠಲ ಆಡಲು ನಿರಾಕರಿಸಿ ಹೊರಬಂದರು, ಕಾರಣವನ್ನು ಜಾತಿಯ ಹೆಸರು ಹಿಡಿದೇ ಸಾರ್ವಜನಿಕರ ಮುಂದಿಟ್ಟರು. ಮುಂದಿನ ಪಂದ್ಯಕ್ಕೆ ಬಾಳೂ ಉಪನಾಯಕರಾಗಿ ಮರಳಿದರು. ಪೈ ಅವರು ಸ್ವಲ್ಪ ಹೊತ್ತು ಮೈದಾನದಿಂದ ಹೊರನಡೆದು ಅವರಿಗೆ ತಂಡವನ್ನು ನಡೆಸುವ ಅವಕಾಶ ಮಾಡಿಕೊಟ್ಟರು. ಒಬ್ಬ ಸಜ್ಜನನ ಸೌಜನ್ಯದಿಂದ ಬಂದ ಆ ಕೆಲವು ಗಳಿಗೆಗಳಷ್ಟೇ ಬಾಳೂ ಅವರ ನಾಯಕತ್ವ. 1923ರಲ್ಲಿ ವಿಠ್ಠಲ ಹಿಂದೂ ತಂಡದ ನಾಯಕರಾಗಿ ಪಂದ್ಯಾವಳಿ ಗೆದ್ದರು. ಅಣ್ಣನಿಗೆ ಮುಚ್ಚಿದ್ದ ಬಾಗಿಲು ಹತ್ತು ವರ್ಷದ ಮೇಲೆ ತಮ್ಮನಿಗೆ ತೆರೆಯಿತು.

ಪುಣೆ ಮತ್ತೊಮ್ಮೆ ಬಾಳೂ ಅವರ ಬದುಕಿನಲ್ಲಿ ಬಂದದ್ದು 1932ರ ಸೆಪ್ಟೆಂಬರಿನಲ್ಲಿ. ಯರವಡೆಯ ಸೆರೆಮನೆಯಲ್ಲಿ ಗಾಂಧೀಜಿಯವರ ಉಪವಾಸ, ದಲಿತರಿಗೆ ಪ್ರತ್ಯೇಕ ಮತಕ್ಷೇತ್ರದ ಪ್ರಶ್ನೆ, 24ರಂದು ಪುಣೆ ಒಪ್ಪಂದ. ಅಂಬೇಡ್ಕರರ ಸಹಿಯಿರುವ ಆ ಪತ್ರದಲ್ಲಿ ಪಿ. ಬಾಳೂ ಎಂಬ ಸಹಿಯೂ ಇದೆ. ಚೆಂಡೆಸೆಯಲು 4 ರೂಪಾಯಿ ಸಂಬಳ ಪಡೆದ ಕ್ಯಾಂಪಿನ ಮೈದಾನ ಆ ಸೆರೆಮನೆಗೆ ಬಹು ದೂರವೇನಲ್ಲ. ನಡುವೆ ಮುಳಾ-ಮುಠಾ ಹೊಳೆ ಹರಿಯುತ್ತದೆ. ಆದರೆ ಅವರು ನಿಂತದ್ದು ಅಂಬೇಡ್ಕರರ ಪಕ್ಷದಲ್ಲಲ್ಲ, ಗಾಂಧೀಜಿಯವರ ಪಕ್ಷದಲ್ಲಿ. ಇದನ್ನು ಅವರ ದೌರ್ಬಲ್ಯವೆಂದು ತಳ್ಳಿಹಾಕುವುದು ಸುಲಭ. ಜೀವಮಾನವಿಡೀ ಹಿಂದೂ ಎಂಬ ಹೆಸರಿನ ತಂಡಕ್ಕಾಗಿ ತೋಳು ಸವೆಸಿದವರು, ಹೊರಗೆ ನಿಲ್ಲಿಸಿದ ಪೆವಿಲಿಯನ್ನಿನೊಳಗೆ ಒಂದು ದಿನ ಕುಳಿತುಕೊಳ್ಳುವೆನೆಂಬ ನಂಬಿಕೆಯನ್ನೇ ಹಿಡಿದು ಬಂದವರು, ಆ ಮನೆಯನ್ನೇ ತೊರೆಯುವ ಮಾತನ್ನು ಒಪ್ಪಲು ಕಷ್ಟಪಟ್ಟಿರಬೇಕು. ಕುಡಿಕೆಯನ್ನು ಮರೆತಿದ್ದರೆಂದು ಇದರರ್ಥವಲ್ಲ.

1937ರ ಮುಂಬಯಿ ಶಾಸನಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ ಅವರನ್ನು ಅಂಬೇಡ್ಕರರ ವಿರುದ್ಧವೇ ನಿಲ್ಲಿಸಿತು. ಒಂದು ಕಾಲಕ್ಕೆ ತನ್ನನ್ನು ಆರಾಧಿಸಿದ್ದ ವಿದ್ಯಾರ್ಥಿ ಈಗ ಎದುರಾಳಿ. ಅಂಬೇಡ್ಕರರಿಗೆ 13,245 ಮತ, ಬಾಳೂ ಅವರಿಗೆ 11,225. ಅವರನ್ನು ನಿಲ್ಲಿಸಿದವರಿಗೆ ಬೇಕಿದ್ದದ್ದು ಬಾಳೂ ಅಲ್ಲ, ಅಂಬೇಡ್ಕರರ ಸೋಲು ಎಂಬುದು ಅಂದೂ ಗುಟ್ಟಾಗಿರಲಿಲ್ಲ. ಅಗತ್ಯ ಬಿದ್ದಾಗ ಕರೆದು ಚೆಂಡು ಕೈಗೆ ಕೊಡುವ ಹಳೆಯ ಪದ್ಧತಿಯೇ ಇದು ಎಂದು ಅವರಿಗೆ ಆಗ ಅನಿಸಿತೋ ಏನೋ.

ಪ್ರಥಮ ದರ್ಜೆಯ 33 ಪಂದ್ಯಗಳಲ್ಲಿ 179 ವಿಕೆಟ್, ಸರಾಸರಿ 15.21. ಬಾಳೂ ಪಾಲವಣಕರರು ಮುಂಬಯಿಯಲ್ಲಿ ತೀರಿಕೊಂಡದ್ದು 1955ರ ಜುಲೈ 4ರಂದು. ಮರುವರ್ಷದ ಅಕ್ಟೋಬರ್ 14ರಂದು ಅಂಬೇಡ್ಕರರು ನಾಗಪುರದಲ್ಲಿ ಲಕ್ಷಾಂತರ ಅನುಯಾಯಿಗಳೊಡನೆ ಬೌದ್ಧಧರ್ಮವನ್ನು ಸ್ವೀಕರಿಸಿದರು.